ಮುಸುರೆ ನೀರಿನ ಕಾಬಾಳೆ

ಪಾತ್ರೆ ತೊಳೆಯುವ ಕಟ್ಟೆಯ ಹಿಂದೆ ನಾನು ನೆಡದ ಕಾಬಾಳೆಯೊಂದು ಎದ್ದಿತ್ತು. ಸಣ್ಣ ಕೆಂಪು ಹೂವು, ಕಿರಿದಾದ ಎಲೆ. ಇಗರ್ಜಿಯ ಅಂಗಳದಲ್ಲಿರುವ ಅಗಲ ಹೂವಿನ ಜಾತಿ ಅದಲ್ಲ. ಯಾವುದೆಂದು ತಿಳಿಯದಿದ್ದರೂ ಮುಸುರೆ ನೀರು ಕುಡಿದು ಬದುಕಿಕೊಳ್ಳಲಿ ಎಂದು ಬಿಟ್ಟಿದ್ದೆ.

ತೀರಿಹೋದ ನನ್ನ ಗಂಡ ಜಿವಾನಾಯಿಯ ಆತ್ಮವನ್ನು ಮನೆಗೆ ಕರೆತರುವ ಶಾಸ್ತ್ರ ಮರುದಿನ ನಡೆಯಬೇಕಿತ್ತು. ಮ್ಹೊಂಡೊರೊ ಸೀಮೆಯ ನಮ್ಮ ಕಡೆ ಗಿಲಕಿಯ ಸದ್ದಿಲ್ಲದೆ ಅದು ನಡೆಯದು. ಅವರು ಜೀವಮಾನವಿಡೀ ಆಡಿಸಿದ ಸೋರೆಬುರುಡೆಯ ಜೋಡಿ ಗಿಲಕಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಇಗರ್ಜಿಗೆ ಹೋಗುವ ನಾನೇ ಅದನ್ನು ಸುಟ್ಟೆನೆಂದು ತೇತೆ ಮೈದೇಯಿ, ಅಂದರೆ ನನ್ನ ಗಂಡನ ಅಕ್ಕ, ಊರೆಲ್ಲ ಸಾರಿದ್ದರು. ತೇತೆಯ ಮಾತಿಗೆ ಮನೆಯಲ್ಲಿ ಎದುರಿಲ್ಲ.

ಅಂದು ಹಿತ್ತಲಿಗೆ ಬಂದ ತೇತೆ ಗಿಡದ ಮುಂದೆ ನಿಂತರು. ಒರಟಾದ ಒಣಕಾಯಿ ಒಡೆದು ಅಂಗೈಗೆ ಸುರಿದುಕೊಂಡರು. ಗುಂಡಗಿನ ಕಪ್ಪು ಬೀಜ.

“ಇದೇನೇ ಇದು?”

“ಗೊತ್ತಿಲ್ಲ ತೇತೆ. ತಾನಾಗೇ ಹುಟ್ಟಿದ್ದು.”

“ತಾನಾಗೇ! ಇಗರ್ಜಿ ಹೂವು ಹಿಂಗೆ ಬೀಜ ಕಟ್ಟುತ್ತೇನೇ? ಇದು ಗಿಲಕಿಯೊಳಗಿನ ಬೀಜ. ಕಲ್ಲಿನಂಥದ್ದು, ಬರೀ ನೀರಿಗೆ ಹುಟ್ಟಲ್ಲ. ಬೆಂಕಿ ತಾಗಿದ್ರೆ ಬಾಯಿ ಬಿಡುತ್ತೆ. ಸುಟ್ಟು ಬೂದಿ ಇಲ್ಲಿ ಚೆಲ್ಲಿದೀಯ. ಅದೇ ಎದ್ದು ನಿಂತು ನಿನ್ನ ಹೆಸರು ಹೇಳ್ತಿದೆ.”

“ದೇವರಾಣೆಗೂ ನಾನು ಸುಟ್ಟಿಲ್ಲ.”

“ಸಾಕ್ಷಿ ಹೇಳೋಕೆ ನಿನ್ನ ದೇವರು ಯಾವ ಬಸ್ಸಿಗೆ ಬರ್ತಾನಂತೆ? ನಾಳೆ ನನ್ನ ತಮ್ಮ ಬರೋ ಹೊತ್ತಿಗೆ ನೀನು ಈ ಅಂಗಳದಲ್ಲಿ ಇರಕೂಡದು. ತೌರಿಗೆ ನಡಿ.”

ಗಂಡನ ಕೊನೆಯ ಉಸಿರಿನ ತನಕ ತಲೆದೆಸೆಯಲ್ಲಿ ಕುಳಿತವಳು ನಾನು. ಅವರು ಮನೆಗೆ ಬರುವಾಗ ನಾನಿಲ್ಲದಿದ್ದರೆ? ನನ್ನ ದೇವರೇನೂ ಅವರನ್ನು ಬರಬೇಡ ಎನ್ನುವವನಲ್ಲ. ಮನಸ್ಸಿನಲ್ಲೇ ಪ್ರಾರ್ಥಿಸಿ ಗುದ್ದಲಿ ತಂದೆ. ಬುಡ ಅಗೆದಾಗ ಗೆಡ್ಡೆಯ ಪಕ್ಕದಲ್ಲಿ ಹಳೆಯ ಬೀಜದ ಟೊಳ್ಳು ಸಿಪ್ಪೆ ಸಿಕ್ಕಿತು. ಒರೆಸಿ ತೇತೆಯ ಕೈಗಿಟ್ಟೆ.

“ಸುಟ್ಟ ಗುರುತು ಎಲ್ಲಿದೆ ತೋರ್ಸಿ.”

ಅದು ಇರಲಿಲ್ಲ. ಒಂದು ಮಗ್ಗುಲು ಮಾತ್ರ ಕಲ್ಲಿಗೆ ತೇದಂತೆ ಚಪ್ಪಟೆಯಾಗಿತ್ತು.

ಆಗ ನನಗೆ ಹೊಳೆಯಿತು. ಹೋದ ಸಲ ಮೊದಲ ಮಳೆ ಬಿದ್ದಾಗ ನನ್ನ ಗಂಡ ಬೀಸುವ ಕಲ್ಲಿನ ಬಳಿ ಕುಳಿತು ಏನನ್ನೋ ತೇಯುತ್ತಿದ್ದರು. ಕೆಮ್ಮಿಗೆ ಯಾವುದೋ ಬೇರಿರಬೇಕೆಂದು ನಾನು ಕೇಳಿರಲಿಲ್ಲ.

“ಬುರುಡೆ ಒಡೆದಿತ್ತೋ ಏನೋ,” ಎಂದೆ. “ಹೊಸ ಗಿಲಕಿಗೆ ಬೀಜ ಆಗಲಿ ಅಂತ, ನೀರು ಒಳಗಿಳಿದು ಮೊಳೆಯೋ ಹಂಗೆ ಸಿಪ್ಪೆ ತೇದು ಬಿತ್ತಿದಾರೆ. ಹಿಂಗೆ ತೇಯೋದು ಅವರಿಗೆ ಯಾರು ಕಲಿಸಿದ್ದು ತೇತೆ? ನಾನಾ?”

ಅಕ್ಕ ತಮ್ಮ ಇಬ್ಬರಿಗೂ ಅವರ ತಂದೆಯೇ ಕಲಿಸಿದ್ದು. ತೇತೆ ಸಿಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಬಿಳುಪು ಕಂಡ ಕೂಡಲೇ ನಿಲ್ಲಿಸು ಅಂತ ಅಪ್ಪ ಹೇಳ್ತಿದ್ರು. ಈ ಕತ್ತೆ ಅತಿಯಾಗಿ ತೇದಿದಾನೆ,” ಎಂದರು. ತಪ್ಪಾಯಿತು ಎನ್ನಲಿಲ್ಲ. ಉಳಿದ ಕಾಯಿಗಳನ್ನು ಕಿತ್ತು ಬಟ್ಟೆಗೆ ಸುರಿದುಕೊಂಡರು.

“ಬುರುಡೆ ತಗೊಂಬಾ, ಗಿಲಕಿ ಕಟ್ಟೋಣ. ನಾಳೆ ಅಂಗಳದಲ್ಲಿ ಕೂತ್ಕೋ. ನನ್ನ ಪಕ್ಕ ಮಾತ್ರ ಬೇಡ.”

“ನಿಮ್ಮ ಪಕ್ಕ ಕೂರೋ ಆಸೆ ನನಗೂ ಇಲ್ಲ,” ಎಂದು ಒಣ ಸೋರೆಬುರುಡೆ ತರಲು ಅಡುಗೆಮನೆಗೆ ಹೋದೆ.