ಸರ್ವರ್ ರೂಮಿನಲ್ಲಿ ಹಾಲು ಉಕ್ಕುವ ಮುನ್ನ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. "ಅದೊಂದು ಗುಡುಗು ಸಿಡಿಲಿನ ರಾತ್ರಿ" ಎಂದು ಬರೆದೆ. ಧನಶ್ರೀ ಹೊಡೆದುಹಾಕಿದಳು.

"ರವಿವಾರ ಮಧ್ಯಾಹ್ನ ಅದ ರೀ. ರಣರಣ ಬಿಸಲು. ಸಿಡಲು ಬಿದ್ರ ನನ್ನ ಯುಪಿಎಸ್ ಗತಿ ಏನು?"

ಧನಶ್ರೀ ಈ ಕಥೆಯ ನಾಯಕಿ, ಧಾರವಾಡದವಳು. ಗೋವಾದ ಕುಂಕಳ್ಳಿಯ ಮೀನು ರಫ್ತು ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಾಳೆ. (ಮೀನು ತಿನ್ನುವವಳಲ್ಲ. ಆದರೆ ಯಾವ ಮೀನು ಯಾವ ಕಂಟೇನರಿನಲ್ಲಿದೆ ಎಂಬುದು ಅವಳ ಸರ್ವರುಗಳಿಗೆ ಗೊತ್ತು.) ಇವತ್ತು ಆ ಸರ್ವರುಗಳೆಲ್ಲ ಮಡಗಾಂವಿನ ಹೊಸ ಡೇಟಾ ಸೆಂಟರಿಗೆ ಹೋಗಬೇಕು. ಸಂಜೆಯೊಳಗೆ ಚಾಲೂ ಆಗದಿದ್ದರೆ ಮುರ್ಮುಗಾಂವ್ ಬಂದರಿನಲ್ಲಿ ಕಂಟೇನರುಗಳು ಗೇಟ್ ಪಾಸಿಲ್ಲದೆ ನಿಲ್ಲುತ್ತವೆ. ಆಗ ಅವಳ ವಿಭಾಗವನ್ನೇ ಮುಚ್ಚಿ ಕೆಲಸವನ್ನು ಮುಂಬೈಯವರಿಗೆ ಕೊಡುತ್ತಾರೆ. ಮ್ಯಾನೇಜರು ಹಾಗೆಂದು ಬಾಯಿಬಿಟ್ಟೇ ಹೇಳಿದ್ದಾರೆ.

೨

"ಚಲೋ ಮೈಗ್ರೇಷನ್ ಅಂದ್ರ, ಸರ್ವರ್ ಜಾಗಾ ಬದಲಿಸಿದ್ದು ಯಾರಿಗೂ ತಿಳೀಬಾರದು," ಎಂದಳು ಧನಶ್ರೀ.

"ಏನೂ ಆಗದಿದ್ದರೆ ನಾನೇನು ಬರೆಯಲಿ ತಾಯೀ?"

"ಅದು ನಿಮ್ಮ ಪ್ರಾಬ್ಲೆಮ್ ರೀ."

೨ (ಮತ್ತೊಮ್ಮೆ. ಮೇಲಿನದು ಕಥೆಯಲ್ಲ, ಜಗಳ)

ಹಟಕ್ಕೆ ಬಿದ್ದು ಸರ್ವರುಗಳನ್ನು ಹೊತ್ತ ಲಾರಿಯ ಟೈರು ಪಂಕ್ಚರ್ ಮಾಡಿಸಿದೆ. ಹಿಂದೆಯೇ ಖಾಲಿ ಲಾರಿಯೊಂದು ಬರುತ್ತಿತ್ತು, ಧನಶ್ರೀ ಮೊದಲೇ ಹೇಳಿಟ್ಟಿದ್ದಳು. ಕರೆಂಟ್ ತೆಗೆಸಿದೆ. ಜನರೇಟರು ಗುರ್ ಎಂದಿತು. ಸಾಮಾನು ಹೊರುವ ಹುಲಿಗೆಪ್ಪನನ್ನು ಕರೆದು, ಕೇಬಲ್ಲುಗಳನ್ನು ಅದಲುಬದಲು ಮಾಡೋ ಎಂದು ಪುಸಲಾಯಿಸಿದೆ.

"ಎಲ್ಲಾಕ್ಕೂ ಬಣ್ಣದ ಟೇಪ್ ಹಚ್ಯಾರ್ರಿ ಸಾಹೇಬ್ರ. ತಪ್ಪು ಮಾಡಾಕ ಜಾಗಾನ ಇಲ್ಲ," ಎಂದು ಅವನು ನನ್ನ ಮೇಲೇ ಕನಿಕರಪಟ್ಟ.

ಮಡಗಾಂವಿನಲ್ಲಿ ಹಸಿರು ದೀಪಗಳು ಹತ್ತಿದವು. ಬಂದರಿನಲ್ಲಿ ಗೇಟ್ ಪಾಸುಗಳು ಬರತೊಡಗಿದವು. ಧನಶ್ರೀ ಬೆಳಗಿನಿಂದ ಮೊದಲ ಸಲ ಕುರ್ಚಿಯಲ್ಲಿ ಕೂತು ನೀರು ಕುಡಿದಳು. ನನ್ನ ಕಥೆ ಮಣ್ಣುಪಾಲಾಯಿತು. ಆದರೂ ಅವಳ ಮುಖ ನೋಡಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

೩

ಅಷ್ಟರಲ್ಲಿ ಹೊಸ ಸರ್ವರ್ ರೂಮಿನ ಬಾಗಿಲು ತೆರೆಯಿತು. ಮ್ಯಾನೇಜರ್ ಕಮಲಾಕರ, ಅವರ ಹಿಂದೆ ಅವರ ತಾಯಿ ಗೋದಾಬಾಯಿ. ತಾಯಿಯ ಕೈಯಲ್ಲಿ ಪಾತ್ರೆ, ಹಾಲಿನ ಪಾಕೀಟು. ಮಗನ ಕೈಯಲ್ಲಿ ಪುಟ್ಟ ಗ್ಯಾಸ್ ಒಲೆ. (ಇವರನ್ನು ನಾನು ಕರೆದಿಲ್ಲ, ದೇವರಾಣೆ.)

"ಹೊಸಾ ಜಾಗಾಕ್ಕ ಬಂದು ಹಾಲು ಉಕ್ಕಿಸದ ಕೂಡ್ತಾರೇನವಾ?" ಎನ್ನುತ್ತ ಗೋದಾಬಾಯಿ ಸರ್ವರುಗಳಿಗೆ ಕುಂಕುಮ ಹಚ್ಚಿದರು.

ಧನಶ್ರೀ ಚಾವಣಿ ನೋಡಿದಳು. ಅಲ್ಲಿ ಹೊಗೆ ಪತ್ತೆ ಮಾಡುವ ಯಂತ್ರವಿತ್ತು. ಉಕ್ಕಿದ ಹಾಲು ಒಲೆಗೆ ಬಿದ್ದು ಸೀದು ಹೊಗೆಯೆದ್ದರೆ ಸಾಕು, ಬೆಂಕಿಯೆಂದೇ ತಿಳಿದು ಅದು ಇಡೀ ರೂಮಿನ ಕರೆಂಟ್ ಕಡಿಯುತ್ತದೆ. ಅವಳ ಪ್ಲಾನಿನಲ್ಲಿ ಪಂಕ್ಚರ್ ಇತ್ತು, ಭೂಕಂಪವೂ ಇತ್ತು. ಹಾಲು ಇರಲಿಲ್ಲ.

"ಅಮ್ಮಾ, ಹೊರಗ ಉಕ್ಕಿಸೋಣ್ರಿ."

"ಹೊರಗ ಉಕ್ಕಿಸಿದ್ರ ಲಕ್ಷ್ಮಿ ಪಾರ್ಕಿಂಗ್‌ದಾಗ ಕೂಡ್ತಾಳ."

"ಸರ್, ಹೊಗಿ ಬಂದ್ರ ಎಲ್ಲಾ ಬಂದ್ ಆಗ್ತದ್ರಿ."

"ಅವ್ವಗ ಬ್ಯಾಡ ಅಂತ ನಾ ಹೆಂಗ ಹೇಳ್ಲಿ ಧನಶ್ರೀ? ನೀನ ಹೇಳು," ಎಂದು ಕಮಲಾಕರ ಒಲೆ ಹೊತ್ತಿಸಿದರು.

೪

ಅಂತ್ಯ ಒಂದು: ಹಾಲು ಉಕ್ಕಿತು, ಕರೆಂಟ್ ಹೋಯಿತು, ಬಂದರಿನಲ್ಲಿ ಬಂಗಡೆ ನಾರಿತು. "ತಗೀರಿ ಅದನ್ನ," ಎಂದಳು ಧನಶ್ರೀ. ತೆಗೆದೆ.

ಅಂತ್ಯ ಎರಡು: ಹಾಲು ಒಡೆಯಿತು. ಗೋದಾಬಾಯಿ ನನ್ನತ್ತ ತಿರುಗಿ, "ಇಂಥಾ ಅಪಶಕುನ ಬರ್ಯೋ ಕೈಗೆ ಹುಳಾ ಬೀಳ್ತಾವ," ಎಂದರು. ಹೆದರಿ ಅದನ್ನೂ ಅಳಿಸಿದೆ.

೫

ಈಗ ಹಾಲು ಅಂಚಿಗೆ ಬಂದಿದೆ. ಕೆನೆ ಉಬ್ಬಿದೆ. ಧನಶ್ರೀ ಒಲೆ ನೋಡುತ್ತಿಲ್ಲ, ಚಾವಣಿ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ. ಬೆಳಗಿನಿಂದ ಒಮ್ಮೆಯೂ ಬೇಡಿಕೊಳ್ಳದವಳು.

"ಸರ್, ಮುಂದಿನ ಸಾಲು ಬರೀಬ್ಯಾಡ್ರಿ."

ಮಧ್ಯಾಹ್ನದಿಂದ ಹುಡುಕುತ್ತಿದ್ದ ಅನಾಹುತ ತಾನಾಗಿ ಕೈಗೆ ಬಂದಿದೆ. ಬಿಡಲು ಮನಸ್ಸಿಲ್ಲ. ಬಿಟ್ಟೆ.

ನಾನು ಬರೆಯದಿರುವಷ್ಟು ಹೊತ್ತು ದೀಪಗಳು ಹಸಿರು. "ಇದೇನವಾ, ಹಾಲು ನಿಂತ ಬಿಡ್ತು," ಎಂದು ಗೋದಾಬಾಯಿ ಪಾತ್ರೆಯೊಳಗೆ ಇಣುಕುತ್ತಿದ್ದಾರೆ. ಕಥೆ ಮುಗಿಸಲಿಲ್ಲವೆಂದು ನೀವು ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಆಮೇಲೇನಾಯಿತು ಎಂದು ಮಾತ್ರ ಕೇಳಬೇಡಿ. ಬಂದರಿನ ಗೇಟಿನಲ್ಲಿ ಕಂಟೇನರುಗಳು ಇನ್ನೂ ಹಾಯುತ್ತಿವೆ.