ವಾರಸುದಾರರಿಲ್ಲದ ದೋಣಿ

ನಾನು ಹೆಬ್ಬಲಸಿನ ಮರದ ದೋಣಿ. ಗಂಗೊಳ್ಳಿಯ ಹೊಳೆದಂಡೆಯಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಹುಟ್ಟಿದೆ. ಆಚಾರಿ ನನ್ನ ಹಲಗೆಗಳನ್ನು ಬೆಂಕಿಯ ಶಾಖಕ್ಕೆ ಹಿಡಿದು ಬಗ್ಗಿಸಿದ, ಸಂದುಗಳಿಗೆ ಹತ್ತಿ ತುರುಕಿದ, ಹುಳ ಹಿಡಿಯದಂತೆ ಮೈಗೆಲ್ಲ ಗೇರೆಣ್ಣೆ ಬಳಿದ. ನನ್ನನ್ನು ಕಟ್ಟಿಸಿದವನು ಲಚ್ಚ ಮರಕಾಲ. ದಿನವೂ ಬಂದು ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿ ಹೋಗುತ್ತಿದ್ದ. ನೀರಿಗಿಳಿಸಿದ ದಿನ ಅವನ ಹೆಂಡತಿ ಪದ್ದು ನನ್ನ ಮೂತಿಗೆ ಕುಂಕುಮ ಹಚ್ಚಿ, "ಹೋದವ್ರನ್ನ ಹಾಂಗೇ ಕರ್ಕಂಡ್ ಬಾ" ಎಂದಳು.

ಆರು ವರ್ಷ ಹಾಗೆಯೇ ಕರೆತಂದೆ. ಲಚ್ಚ ಚುಕ್ಕಾಣಿ ಹಿಡಿಯುತ್ತಿದ್ದ, ಅವನ ತಮ್ಮ ಶೇಖರ ಬಲೆ ಬಿಡುತ್ತಿದ್ದ. ಲಚ್ಚನಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮೀನಿಗೂ ಬೈಯುತ್ತಿದ್ದ, ಗಾಳಿಗೂ ಬೈಯುತ್ತಿದ್ದ. ಶೇಖರ ಮಾತ್ರ ನಕ್ಕು ಸುಮ್ಮನಾಗುವವನು. ಅವರಿಬ್ಬರ ಪಾದಗಳನ್ನು ನಾನು ಭಾರದಿಂದಲೇ ಗುರುತಿಸುತ್ತಿದ್ದೆ.

ಆಷಾಢದ ಒಂದು ಬೆಳಿಗ್ಗೆ ಅಳಿವೆಯಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಲ್ಲಿ, ಅಲೆಗಳು ಒಂದರ ಮೇಲೊಂದು ಏರುತ್ತಿದ್ದವು.

"ಅಣ್ಣ, ಇವತ್ ಬ್ಯಾಡ. ನೀರ್ ಸಮ ಇಲ್ಲ" ಎಂದ ಶೇಖರ.

"ಹೆದ್ರಿಕಿ ಆರೆ ನೀ ಮನೆಗ್ ಕೂಕೋ" ಎಂದ ಲಚ್ಚ.

ಇಬ್ಬರೂ ಹೊರಟರು. ಮೂರನೆಯ ಅಲೆಗೆ ಲಚ್ಚ ನನ್ನಿಂದ ಹೊರಗೆ ಬಿದ್ದ. ನಾಲ್ಕನೆಯ ಅಲೆ ಬರುವ ಮೊದಲೇ ಈಜಿ ಬಂದು ನನ್ನ ಎಡ ಅಂಚನ್ನು ಒಂದು ಕೈಯಲ್ಲಿ ಹಿಡಿದ. ಇನ್ನೊಂದು ಕೈ ಬಲೆಯಲ್ಲಿ ಸಿಕ್ಕಿಕೊಂಡಿತ್ತು. ಬಲೆ ಕೆಳಕ್ಕೆ ಎಳೆಯುತ್ತಿತ್ತು, ಅವನ ಭಾರಕ್ಕೆ ನಾನು ವಾಲುತ್ತಿದ್ದೆ. ಒಳಗೆ ಮೊಣಕಾಲವರೆಗೆ ನೀರು. ಶೇಖರ ತೆವಳಿಕೊಂಡು ಬಂದ. ಅಣ್ಣನನ್ನು ಎಳೆದುಕೊಳ್ಳಲು ಬಂದನೆಂದೇ ನಾನು ತಿಳಿದೆ. ಅವನು ನನ್ನ ಅಂಚಿನಿಂದ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ದಡಕ್ಕೆ ಬಂದು ಅವನು ಎಲ್ಲರಿಗೂ ಹೇಳಿದ್ದು ಬೇರೆ. ದೊಡ್ಡ ಅಲೆ ಬಂತು, ತಿರುಗಿ ನೋಡಿದರೆ ಅಣ್ಣ ಇರಲಿಲ್ಲ, ಕೈಯ ಗಾಯ ಬಲೆ ಕೊಯ್ದದ್ದು, ಅಷ್ಟೇ. ಲಚ್ಚನ ದೇಹ ಸಿಗಲಿಲ್ಲ. ಮರುದಿನದಿಂದ ಶೇಖರ ಬೇರೆಯವರ ದೋಣಿಗೆ ಹೋಗತೊಡಗಿದ. ಒಂದು ದಿನವೂ ತಪ್ಪಿಸದೆ ಅತ್ತಿಗೆಯ ಬಾಗಿಲಿಗೆ ಮೀನು ತಂದಿಟ್ಟ. ಅಂಗಳದಲ್ಲಿ ಕವುಚಿ ಹಾಕಿದ್ದ ನನ್ನ ಕಡೆ ಮಾತ್ರ ಅವನ ಮುಖ ತಿರುಗುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಪದ್ದು ನನ್ನನ್ನು ಕೈತಾನನಿಗೆ ಬಾಡಿಗೆಗೆ ಕೊಟ್ಟಳು. ಅವನು ಹೊಳೆಯಲ್ಲಿ ಮುಳುಗಿ ಕಪ್ಪೆಚಿಪ್ಪು ತೆಗೆಯುವವನು, ಒಳ್ಳೆಯ ಮನುಷ್ಯ. ಒಂದು ಮಧ್ಯಾಹ್ನ, ಬಿಸಿಲಿಗೆ ನೀರು ಕನ್ನಡಿಯಂತೆ ನಿಂತಿದ್ದಾಗ, ಎಡ ಅಂಚಿನ ಹೊರಗಿನಿಂದ ಯಾರೋ ತಟ್ಟಿದರು. ಕೈತಾನ ಬಗ್ಗಿ ನೋಡಿದ. ಯಾರೂ ಇರಲಿಲ್ಲ. ಮತ್ತೆ ತಟ್ಟಿದ ಸದ್ದು. ನನಗೆ ಆ ಬೆರಳುಗಳ ಪರಿಚಯವಿತ್ತು. ಹೊಳೆ ಶಾಂತವಾದಾಗಲೆಲ್ಲ ಅವು ಅದೇ ಜಾಗಕ್ಕೆ ಬರುತ್ತಿದ್ದವು. ಕೂಗಬೇಕೆಂದರೆ ಮರಕ್ಕೆ ಬಾಯಿಲ್ಲ.

ಕೈತಾನ ಎರಡು ತಿಂಗಳು ತಡೆದುಕೊಂಡ. ಆಮೇಲೆ ನನ್ನನ್ನು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವಿನ ಸಣ್ಣ ತೋಡಿಗೆ ನುಗ್ಗಿಸಿ, ಪದ್ದುವಿನ ಬಳಿ ಹೋಗಿ ಹೇಳಿದನಂತೆ: "ಬ್ಯಾಜಾರ್ ಮಾಡ್ಬೇಡಿ ಪದ್ದಕ್ಕ. ಆ ದೋಣಿ ಒಳ್ಗ್ ಬಪ್ಪುಕೆ ಯಾರೋ ಕೇಳ್ತಿದ್ರ್."

ಒಂಬತ್ತು ವರ್ಷ ನಾನು ಆ ಕೆಸರಿನಲ್ಲೇ ಇದ್ದೆ. ತಳ ಕೊಳೆಯಿತು, ಏಡಿಗಳು ಮನೆ ಮಾಡಿದವು. ಮೀನು ಹಿಡಿಯುವವರು ಆ ತೋಡಿನತ್ತ ಬರುವುದನ್ನು ಬಿಟ್ಟರು.

ಕೊನೆಗೆ ಮೀನುಗಾರಿಕೆ ಇಲಾಖೆಯವರು ಬಂದರು. ಹೊಳೆಯಲ್ಲಿ ಬಿಟ್ಟುಹೋದ ಹಳೆಯ ದೋಣಿಗಳನ್ನು ಗುರುತಿಸಿ ತೆಗೆಸಬೇಕಿತ್ತು. ಶೈಲಜಾ ಎಂಬ ಅಧಿಕಾರಿ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು, ನನ್ನ ಮೂತಿಯ ಪಾಚಿಯನ್ನು ಚಿಪ್ಪಿನಿಂದ ಕೆರೆದಳು. ಮಾಸಿದ ನಂಬರು ಕಾಣಿಸಿತು; ಅದು ಇನ್ನೂ ಲಚ್ಚನ ಹೆಸರಿನಲ್ಲೇ ಇತ್ತು. ಕೆಂಪು ಬಣ್ಣದಲ್ಲಿ ಗುರುತು ಹಾಕಿ ನೋಟಿಸು ಅಂಟಿಸಿದರು: ವಾರಸುದಾರರು ತಿಂಗಳೊಳಗೆ ಬರತಕ್ಕದ್ದು.

ಪದ್ದು ಬಂದಳು. ಜೊತೆಗೆ ಶೇಖರನನ್ನೂ ಕರೆತಂದಿದ್ದಳು. ಅವನ ತಲೆ ಪೂರ್ತಿ ನರೆತಿತ್ತು.

"ಅಮ್ಮಾ, ಮಾಲೀಕರು ಇದ್ದಾರೋ, ತೀರಿಕೊಂಡಿದ್ದಾರೋ, ಈ ಕಾಗದದಲ್ಲಿ ಒಂದಕ್ಕೆ ಗುರುತು ಹಾಕಿ ಸಹಿ ಮಾಡಬೇಕು" ಎಂದಳು ಶೈಲಜಾ.

ಪದ್ದು ಪೆನ್ನು ಹಿಡಿದು ನಿಂತಳು. ಆಮೇಲೆ ಮೈದುನನ ಕಡೆ ತಿರುಗಿದಳು.

"ಶೇಖರ, ಇದ್ರ್ ಮುಂದೆ ನಿತ್ಕಂಡ್ ಹೇಳ್. ಅವತ್ತ್ ಎಂತ ಆಯ್ತ್?"

"ಹೇಳಿದ್ನಲೆ ಅತ್ತಿಗೆ, ಅಲೆ…"

"ಅವತ್ತ್ ನಿನ್ ಕೈ ಗಾಯಕ್ಕೆ ಅರಶಿನ ಹಚ್ಚಿದವ್ಳ್ ನಾನ್. ಅದ್ ಬಲೆ ಕೊಯ್ದ್ ಗಾಯ ಅಲ್ಲ. ಉಗುರ್ ತಾಗಿದ್."

ಶೇಖರ ಕೆಸರಿನಲ್ಲಿ ಎರಡು ಹೆಜ್ಜೆ ಇಟ್ಟು, ನನ್ನ ಎಡ ಅಂಚಿನ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ, ಕೈಯಿಟ್ಟ.

"ಅಣ್ಣ ಇಲ್ಲ್ ಹಿಡ್ಕಂಡಿದ್ದ. ದೋಣಿ ಮಗ್ಚುಕಾಯಿತ್ತ್. ನಾನೇ ಬಿಡ್ಸ್ದೆ, ಅತ್ತಿಗೆ."

"ಎಂತಾರೂ ಹೇಳ್ದನಾ?"

"ನನ್ ಹೆಸ್ರ್ ಕರ್ದ. ಬೈಲಿಲ್ಲ."

ಪದ್ದು ಅಳಲಿಲ್ಲ. ಕಾಗದವನ್ನು ನನ್ನ ಮೂತಿಯ ಮೇಲಿಟ್ಟು, ತೀರಿಕೊಂಡಿದ್ದಾರೆ ಎಂಬಲ್ಲಿ ಗುರುತು ಹಾಕಿ, ನಿಧಾನವಾಗಿ ಸಹಿ ಮಾಡಿದಳು. ಹೊರಡುವಾಗ ತಿರುಗಿ ನೋಡದೆ ಹೇಳಿದಳು:

"ನಾಳಿಂದ ಮೀನ್ ತರ್ಬೇಡ."

ಮರುದಿನ ಕೊಡಲಿ, ಗರಗಸ ಬಂದವು. ಈಗ ನಾನು ಬಂದರಿನ ಹಿಂದೆ ಒಣ ಮರಳಿನ ಮೇಲೆ ಹಲಗೆಗಳ ರಾಶಿಯಾಗಿ ಬಿದ್ದಿದ್ದೇನೆ. ಒಲೆಗೆ ಹೋಗುವ ದಿನ ದೂರವಿಲ್ಲ. ಶೇಖರ ಸಂಜೆಗಳಲ್ಲಿ ಬಂದು ಪಕ್ಕದಲ್ಲಿ ಕೂರುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಒಂದು ಮಾತು ಒಲೆಗಿಂತ ಮೊದಲೇ ನನ್ನನ್ನು ಸುಡುತ್ತದೆ. ಹೆಬ್ಬಲಸಿನ ದೋಣಿ ಮಗುಚಿದರೂ ಮುಳುಗುವುದಿಲ್ಲ. ಅವತ್ತು ನಾನು ಬೋರಲಾಗಿದ್ದರೆ ಇಬ್ಬರೂ ನನ್ನ ಬೆನ್ನು ಹಿಡಿದು ದಡ ಸೇರಬಹುದಿತ್ತು. ಅದು ಕಡಲಿಗಿಳಿಯುವ ಎಲ್ಲರಿಗೂ ಗೊತ್ತಿರುವ ಸಂಗತಿ. ಶೇಖರನಿಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ.