ಎಳೆಪಾದದ ಅಳತೆ

ಆ ಆಸ್ಪತ್ರೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಕೂಗುತ್ತಿದ್ದುದು ಮೇಸ್ತ್ರಿಯನ್ನು. ಗಾರೆ ಮೇಸ್ತ್ರಿಯಲ್ಲ, ನಾಡಿ ಎಣಿಸುವ, ಹನಿಹನಿಯಾಗಿ ಔಷಧಿ ಇಳಿಸುವ ಯಂತ್ರಗಳ ಹೊಟ್ಟೆ ಬಿಚ್ಚಿ ಸರಿಮಾಡುವವನು. ಅವನಿಗೊಂದು ಹುಚ್ಚಿತ್ತು. ಸ್ಕ್ರೂ ತಿರುಗಿಸುವ ಮೊದಲು ಆ ಯಂತ್ರ ಕಂಡುಹಿಡಿದವರಿಗೆ ಒಂದು ನಮಸ್ಕಾರ ಹಾಕಲೇಬೇಕು. "ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಹೇಳೋದು ಅಂದ್ರೇನು! ಯಾವ ಪುಣ್ಯಾತ್ಮನ ತಲೇಲಿ ಹೊಳೀತೋ!" ಎನ್ನುವನು.

ಅವನ ಹೆಂಡತಿ ಅಲ್ಲೇ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕಿದ್ದವಳು. "ಕಂಡವರಿಗೆಲ್ಲ ಕೈ ಮುಗಿದಿದ್ದು ಸಾಕು, ಊಟ ಮಾಡಿ," ಎಂದು ಕಾಲೆಳೆಯುವಳು.

ಈಗ ಅವಳು ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮಲಗಿದ್ದಳು. ಶ್ವಾಸಕೋಶ ಕೈಕೊಟ್ಟಿತ್ತು. ಡಾಕ್ಟರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, "ಮಾತಾಡೋದಿದ್ರೆ ಇವತ್ತೇ ಮಾತಾಡ್ಕೊಳ್ಳಿ," ಎಂದಿದ್ದರು. ಮಾತಾಡುವ ಬದಲು ಆ ಪುಣ್ಯಾತ್ಮ ಹಾಸಿಗೆ ಪಕ್ಕದ ಯಂತ್ರದ ವೈರನ್ನು ಮೂರು ಸಲ ಸರಿಮಾಡಿದ.

ಮಧ್ಯಾಹ್ನ ಎಳೆಮಕ್ಕಳ ವಾರ್ಡಿನ ಹಿರಿಯ ನರ್ಸ್ ಹಿಂಜರಿಯುತ್ತ ಒಳಬಂದರು.

"ಇಂಥ ಹೊತ್ತಲ್ಲಿ ಕೇಳಬಾರದು ಮೇಸ್ತ್ರಿ. ಹೊಸದಾಗಿ ಹೊಲಿಸಿದ ನಿಮ್ಮ ಪಟ್ಟಿ ಒಂದೂ ಮಕ್ಕಳ ಕಾಲಿಗೆ ಸರಿಯಾಗಿ ಕೂರ್ತಿಲ್ಲ. ಒಂದು ಜಾರುತ್ತೆ, ಇನ್ನೊಂದು ಬಿಗಿಯಾಗುತ್ತೆ. ಹಳೇವು ಒಗೆದು ಒಗೆದು ಕುಗ್ಗಿವೆ. ಅಳತೆ ಎಷ್ಟು?"

ದಿನ ತುಂಬದೆ ಹುಟ್ಟಿದ ಮಕ್ಕಳ ಪಾದಕ್ಕೆ, ಆಮ್ಲಜನಕ ಅಳೆಯುವ ಆ ಬೆಳಕಿನ ತುಣುಕನ್ನು ಹಿಂದೆಲ್ಲ ಟೇಪಿನಿಂದ ಅಂಟಿಸುತ್ತಿದ್ದರು. ಟೇಪು ಕಿತ್ತರೆ ಚರ್ಮವೂ ಕಿತ್ತು ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಕೆಳಗೆ ಹೆಂಡತಿ ಸವೆದ ಹಾಸಿಗೆ ಬಟ್ಟೆಯಿಂದ ಮೆತ್ತಗಿನ ಪಟ್ಟಿಯೊಂದನ್ನು ಹೊಲಿದುಕೊಟ್ಟಳು. ವಾರ್ಡಿಗೆ ಒಯ್ದವನು ಇವನಾದ್ದರಿಂದ ಅದು 'ಮೇಸ್ತ್ರಿ ಪಟ್ಟಿ' ಆಯಿತು. ಅಲ್ಲ ಎನ್ನಬೇಕೆಂದು ಒಂದೆರಡು ಸಲ ಬಾಯಿ ತೆರೆದ. ಆಮೇಲೆ ಆ ಹೆಸರು ಕಿವಿಗೆ ಹಿತವಾಯಿತು, ಸುಮ್ಮನಾದ. ಲೋಕದವರಿಗೆಲ್ಲ ಕೈ ಮುಗಿದವನು ಮನೆಯವಳಿಗೆ ಮಾತ್ರ ಮುಗಿಯಲಿಲ್ಲ.

ಇವತ್ತು ಅವನು ವೈರು ಬಿಟ್ಟು ಎದ್ದು ನಿಂತ. "ಸಿಸ್ಟರ್, ಅದು ನನ್ನದಲ್ಲ. ಇವಳದ್ದು. ಮೊದಲಿಂದಲೂ ಇವಳದ್ದೇ."

ನರ್ಸ್ ಕಕ್ಕಾಬಿಕ್ಕಿಯಾಗಿ ಹಾಸಿಗೆ ಕಡೆ ತಿರುಗಿದರು. "ಅಮ್ಮಾ, ಎಷ್ಟು ಮಕ್ಕಳ ಕಾಲು ಉಳಿಸಿದ್ದೀರ ನೀವು!" ಎಂದು ಅವಳ ಕೈ ಕಣ್ಣಿಗೊತ್ತಿಕೊಂಡರು.

ಅವಳು ಮಾಸ್ಕ್ ಸರಿಸಿ, ಕಿರುಬೆರಳು ನೀಡಿದಳು. "ಇದರ ಬುಡದಿಂದ ತುದಿಗೆ. ಅಷ್ಟೇ ಅಳತೆ."

ನರ್ಸ್ ಜೇಬಿನ ದಾರ ತೆಗೆದು ಅಳೆದುಕೊಂಡು ಹೊರಟರು.

"ಬೆರಳಿನ ಅಳತೆ ಯಾಕೆ?" ಎಂದು ಮೇಸ್ತ್ರಿ ಕೇಳಿದ.

"ನಮ್ಮ ಮಗೂನ ಪಾದದ ಸುತ್ತ ಈ ಬೆರಳು ಹಿಡಿದು ನೋಡಿದ್ದೆ. ಸರಿಯಾಗಿ ಅಷ್ಟೇ ಇತ್ತು."

ದಿನ ತುಂಬದೆ ಹುಟ್ಟಿ, ಇದೇ ಆಸ್ಪತ್ರೆಯಲ್ಲಿ ಹನ್ನೊಂದೇ ದಿನ ಬದುಕಿದ ಮಗಳು. ಅವಳ ಸುದ್ದಿ ಬಂದಾಗಲೆಲ್ಲ ಇವನು ಎದ್ದು ಹೋಗುತ್ತಿದ್ದ, ಬರಬರುತ್ತ ಹೆಂಡತಿಯೂ ಆ ಮಾತು ಎತ್ತುವುದನ್ನು ಬಿಟ್ಟಿದ್ದಳು.

"ಟೇಪು ಕಿತ್ತಾಗ ಅವಳು ಅಳ್ತಿದ್ದಳು. ಶಬ್ದ ಬರ್ತಿರಲಿಲ್ಲ, ಬಾಯಿ ಮಾತ್ರ ತೆರೀತಿದ್ದಳು. ನೀವು ನೋಡ್ಲಿಲ್ಲ. ಯಂತ್ರ ನೋಡ್ತಿದ್ರಿ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಇದ್ದದ್ದನ್ನು ಹೇಳಿದಳು, ಅಷ್ಟೆ. ಹನ್ನೊಂದು ದಿನವೂ ಅವನು ಆ ಪರದೆಯ ಮುಂದೆ ಕಣ್ಣು ಕೀಲಿಸಿ ಕೂತಿದ್ದ. ಅಂಕಿ ಇಳಿಯದಂತೆ ಕಾದರೆ ಮಗಳನ್ನು ಕಾದಂತೆ ಎಂದುಕೊಂಡಿದ್ದ. ಎಂಬತ್ತೆಂಟು, ತೊಂಬತ್ತೊಂದು, ಎಂಬತ್ತನಾಲ್ಕು. ಅಂಕಿಗಳು ಇವತ್ತಿಗೂ ಬಾಯಿಪಾಠ. ಮುಖ ನೆನಪಿಲ್ಲ. ನೆನಪಾಗಲು ನೋಡಿದ್ದರೆ ತಾನೆ!

"ಯಾರ ಹಾಗಿದ್ದಳೇ ಅವಳು?" ಎಂದು ಕೇಳಿದ.

ಹೆಂಡತಿಯ ಕಣ್ಣು ಅರಳಿತು. ಇಪ್ಪತ್ತೆರಡು ವರ್ಷ ಈ ಒಂದು ಮಾತಿಗೇ ಕಾದಿದ್ದವಳಂತೆ ಅವನ ಕೈ ಹಿಡಿದಳು. "ಹೇಳ್ತೀನಿ. ಸ್ವಲ್ಪ ಸುಧಾರಿಸ್ಕೊಳ್ತೀನಿ, ಇರಿ." ಕಣ್ಣು ಮುಚ್ಚಿದಳು.

ಅವನು ಕುರ್ಚಿಯನ್ನು ತಿರುಗಿಸಿ ಯಂತ್ರಕ್ಕೆ ಬೆನ್ನು ಹಾಕಿ ಕೂತ. ಅವಳ ಹುಬ್ಬು, ಮೂಗು, ಕೆನ್ನೆಯ ಗೆರೆಗಳನ್ನು ಒಂದೂ ಬಿಡದೆ ನೋಡಿದ.

ಬೆನ್ನ ಹಿಂದೆ ಯಂತ್ರ ಕೂಗತೊಡಗಿತು. ಯಾರೋ ಓಡಿ ಬಂದರು. ಅವನು ತಿರುಗಲಿಲ್ಲ.

"ಇಲ್ಲೇ ಇದ್ದೀನಿ ಕಣೇ," ಎಂದು ಅವಳ ಕಿವಿಯ ಹತ್ತಿರ ಬಾಗಿದ. "ಹೇಳು, ಯಾರ ಹಾಗಿದ್ದಳು?"